ಆಂಜನೇಯ ಗುಡಿ ಕ್ರಾಸ್, ಕಂಪ್ಲಿ ರಸ್ತೆ

ಹೊಸಪೇಟೆಯಲ್ಲಿ ರೈಲು ಇಳಿದಾಗ ಬೆಳಿಗ್ಗೆ ಎಂಟು ಗಂಟೆ. ಶ್ರಾವಣದ ಸೋನೆ ಆಗಷ್ಟೇ ನಿಂತಿತ್ತು. ಪ್ಲಾಟ್‌ಫಾರ್ಮಿನ ಹಳ್ಳದಲ್ಲಿ ನಿಂತ ನೀರು ಕೆಂಪಗಿರುವುದನ್ನು ಕಂಡು, ಯಾರೋ ಎಲೆಅಡಿಕೆ ಉಗುಳಿದ್ದಾರೆಂದುಕೊಂಡು ಮುಖ ಸಿಂಡರಿಸಿ ದಾಟಿದೆ. ಹೊರಗೆ ಬಂದರೆ ರಸ್ತೆಯೂ ಕೆಂಪು, ಆಟೋಗಳ ಟಾಪೂ ಕೆಂಪು, ಬೇವಿನ ಎಲೆಗಳೂ ಕೆಂಪು. ಅದು ಅದಿರಿನ ದೂಳು. ಗಣಿಯ ಹಣ ಹೊಳೆಯಾಗಿ ಹರಿಯುತ್ತಿದ್ದ ವರ್ಷಗಳು ಅವು. ಸಂಡೂರಿನ ಬೆಟ್ಟಗಳು ಲಾರಿ ಹತ್ತಿ ಬಂದರಿಗೆ ಹೊರಟಿದ್ದವು, ಹೋಗುವ ಹಾದಿಯಲ್ಲಿ ಎಲ್ಲರ ಮೇಲೂ ಒಂದಿಷ್ಟು ಉದುರಿಸಿ ಹೋಗುತ್ತಿದ್ದವು. ನಾನು ತೊಟ್ಟು ಹೋಗಿದ್ದ ಬಿಳಿ ಅಂಗಿಯನ್ನು ಆರು ದಿನದ ಮೇಲೆ ಬಿಳಿ ಎಂದು ಯಾರೂ ಕರೆಯಲಿಲ್ಲ.

ನಾನು ಹೋದದ್ದು ಹಂಪಿ ನೋಡಲಿಕ್ಕಲ್ಲ, ವಿಳಾಸ ಕೂಡಿಸಲಿಕ್ಕೆ. ಕಂಪ್ಯೂಟರಿನಲ್ಲಿ ನೋಡುವ ನಕ್ಷೆಗಳನ್ನು ತಯಾರಿಸುವ ಬೆಂಗಳೂರಿನ ಒಂದು ಕಂಪನಿಯಲ್ಲಿ ಆಗ ನನಗೆ ಕೆಲಸ. ನಮ್ಮ ಜನ ಮನೆ ನಂಬರು ಹಿಡಿದು ಎಲ್ಲಿಗೂ ಹೋಗಿ ತಲುಪುವುದಿಲ್ಲ, ಇಂಥ ಕ್ರಾಸು, ಅದರ ಪಕ್ಕ ಇಂಥ ಗುರುತು ಎಂದು ಕೇಳಿಕೊಂಡೇ ತಲುಪುತ್ತಾರೆ ಎಂಬುದು ಮೇಲಿನವರಿಗೆ ತಡವಾಗಿ ಹೊಳೆದಿತ್ತು. ಹಾಗಾಗಿ ಪ್ರತಿ ಕ್ರಾಸಿಗೂ ಹೋಗಿ, ಸೋಪಿನ ಡಬ್ಬಿಯಷ್ಟಿದ್ದ ಜಿಪಿಎಸ್ ಯಂತ್ರ ಹಿಡಿದು ನಿಂತು, ಗುಂಡಿ ಒತ್ತಿ, ಹೆಸರು ಮತ್ತು ಗುರುತು ಬರೆದುಕೊಳ್ಳಬೇಕಿತ್ತು. ಇದಕ್ಕೆ ನಾವು ಪಾಯಿಂಟ್ ಹೊಡೆಯುವುದು ಎನ್ನುತ್ತಿದ್ದೆವು. ಗುರುತಿಗೆ ಮೂರು ನಿಯಮ: ಕದಲಬಾರದು, ರಸ್ತೆಯಿಂದ ಕಾಣಬೇಕು, ಕೇಳಿದವರೆಲ್ಲ ಅದನ್ನೇ ಹೇಳಬೇಕು.

ನನಗೆ ದಿಕ್ಕು ತಿಳಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನನ್ನದೇ ಮದುವೆಯ ಛತ್ರಕ್ಕೆ ಎರಡು ಕಡೆ ದಾರಿ ಕೇಳಿಕೊಂಡು ಹೋದವನು ನಾನು. ಇಂಥವನನ್ನು ನಕ್ಷೆಯ ಕೆಲಸಕ್ಕೆ ಹಾಕಿಕೊಂಡಿದ್ದಾರಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ.

ಮೊದಲೆರಡು ಲಾಡ್ಜುಗಳಲ್ಲಿ ಜಾಗವಿರಲಿಲ್ಲ. ಅದಿರು ಕೊಳ್ಳಲು ಬಂದವರು ತಿಂಗಳುಗಟ್ಟಲೆ ಕೋಣೆ ಹಿಡಿದಿದ್ದರು. ಬಸ್ ನಿಲ್ದಾಣದ ಹಿಂದಿನ ಮೂರನೆಯದರಲ್ಲಿ ಮುನ್ನೂರೈವತ್ತಕ್ಕೆ ಒಂದು ಕೋಣೆ ಸಿಕ್ಕಿತು. "ನಿನ್ನೆ ಬಂದಿದ್ರ ಮುನ್ನೂರು, ನಾಳೆ ಬಂದಿದ್ರ ನಾನ್ನೂರು. ಇವತ್ತು ಬಂದೀರಿ," ಎಂದ ಮ್ಯಾನೇಜರು ಕೀಲಿ ಕೊಟ್ಟ.

ಬಾಗಿಲಲ್ಲೇ ಒಂದು ಆಟೋ ನಿಂತಿತ್ತು. ಚಾಲಕನಿಗೆ ನಲವತ್ತೈದರ ಆಸುಪಾಸು, ಕಿವಿಯ ಮೇಲೆ ನರೆಗೂದಲು, ಹಣೆಯಲ್ಲಿ ವಿಭೂತಿ. ಹೆಸರು ಪಂಪಾಪತಿ.

"ಎಲ್ಲಿಗ್ರಿ ಸರ?"

"ಎಲ್ಲಾ ಕ್ರಾಸಿಗೂ ಹೋಗಬೇಕು."

ಅವನು ಇಂಜಿನ್ ಆರಿಸಿ ನನ್ನನ್ನೇ ನೋಡಿದ. "ಹೋಗಿ ಏನ್ ಮಾಡ್ತೀರಿ?"

"ಐದು ನಿಮಿಷ ನಿಲ್ಲುತ್ತೇನೆ. ಆಮೇಲೆ ಮುಂದಿನ ಕ್ರಾಸಿಗೆ ಹೋಗುತ್ತೇನೆ."

"ಮಸ್ತ್ ಕೆಲಸ ಐತಿ ಬಿಡ್ರಿ. ಕುಂದ್ರಿ," ಎಂದ. ದಿನಕ್ಕೆ ಐನೂರು, ಪೆಟ್ರೋಲು ನನ್ನದು ಎಂದು ಮಾತಾಯಿತು.

ಮೊದಲ ದಿನ ಊರೊಳಗಿನ ಕ್ರಾಸುಗಳನ್ನು ಮುಗಿಸಿ ಮಧ್ಯಾಹ್ನ ಪಂಪಾಪತಿಯ ಮನೆಯಿದ್ದ ಚಿತ್ತವಾಡ್ಗಿಗೆ ಹೋದೆವು. ಅಲ್ಲಿ ದಾರಿ ಕೇಳಿದರೆ ಯಾರೂ ಬಾಯಲ್ಲಿ ಹೇಳುವುದಿಲ್ಲ, ಜೊತೆಗೆ ಬಂದುಬಿಡುತ್ತಾರೆ. ಹಿಟ್ಟಿನ ಗಿರಣಿ ಎಲ್ಲಿ ಎಂದು ಒಬ್ಬ ಮುದುಕಿಯನ್ನು ಕೇಳಿದ್ದೇ ತಡ, "ಸರೀರಿ ಆ ಕಡಿ," ಎಂದು ಆಟೋ ಹತ್ತಿ ಕುಳಿತರು. ಗಿರಣಿ ಬಂತು, ಅವರು ಇಳಿಯಲಿಲ್ಲ. ಅಲ್ಲಿಂದ ಮುಂದೆ ಮಗಳ ಮನೆಯಿತ್ತಂತೆ. ಬಿಟ್ಟು ಬಂದೆವು. ನಾವು ಹೋದಲ್ಲೆಲ್ಲ ನನ್ನ ಯಂತ್ರ ಎಳೆದಿಡುತ್ತಿದ್ದ ದಾರಿಗೆರೆಯಲ್ಲಿ ಆ ಮಗಳ ಮನೆಯ ತಿರುವು ಇವತ್ತಿಗೂ ಇರಬೇಕು.

ಎರಡನೇ ದಿನ ಹಂಪಿ. ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಹೋಗುವಾಗ ಗಾಳಿಯ ಬಣ್ಣವೇ ಬದಲಾಯಿತು. ಕೆಂಪು ಹಿಂದೆ ಉಳಿದು, ಬಂಡೆಗಳ ಬೂದು ಮತ್ತು ಗದ್ದೆಯ ಎಳೆ ಹಸಿರು ಮಾತ್ರ ಉಳಿದವು. ನಾಟಿ ಆಗಷ್ಟೇ ಮುಗಿದಿತ್ತು. ನೀರಿನಲ್ಲಿ ಬಂಡೆಗಳು ತಲೆಕೆಳಗಾಗಿ ನಿಂತಿದ್ದವು, ಅವುಗಳ ಮೇಲೆ ನಾವೂ ತಲೆಕೆಳಗಾಗಿ ಆಟೋದಲ್ಲಿ ಹೋಗುತ್ತಿದ್ದೆವು. ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಒಂದೂ ಗುಂಡಿ ಒತ್ತದೆ ಕುಳಿತಿದ್ದೆ.

ಹಂಪಿಯಲ್ಲಿ ನಮ್ಮ ನಿಯಮಗಳು ಕೈಕೊಟ್ಟವು. ಅಲ್ಲಿ ಎಲ್ಲವೂ ಕದಲದ್ದೇ, ಎಲ್ಲವೂ ರಸ್ತೆಯಿಂದ ಕಾಣುವಂಥದ್ದೇ. ಇಷ್ಟೊಂದು ಗುರುತುಗಳ ನಡುವೆ ಯಾವುದನ್ನು ಗುರುತು ಎನ್ನುವುದು? ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನಲ್ಲಿ ಆಗಿನ್ನೂ ಕಲ್ಲುಮಂಟಪಗಳೊಳಗೇ ಸಂಸಾರಗಳಿದ್ದವು. ಒಬ್ಬಾಕೆ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು.

"ಮನೆ ವಿಳಾಸ ಏನಮ್ಮಾ?"

"ಗುಡಿ ಮುಂದ."

"ಎಷ್ಟನೇ ಮನೆ?"

"ಮನಿ ಎಣಿಸಾಕ ಬರಂಗಿಲ್ರಿ, ಕಂಬ ಎಣಿಸ್ಬೇಕು. ಹನ್ನೊಂದನೇ ಕಂಬ."

ನಾನು ಹಾಗೆಯೇ ಬರೆದುಕೊಂಡೆ. ಸಂಜೆ ಹತ್ತು ರೂಪಾಯಿ ಕೊಟ್ಟು ಹರಿಗೋಲಿನಲ್ಲಿ ಹೊಳೆಗೆ ಇಳಿದಾಗ ಯಂತ್ರದ ಬಾಣ ತನ್ನಷ್ಟಕ್ಕೆ ತಿರುಗತೊಡಗಿತು. ಅಂಬಿಗನು ಹರಿಗೋಲನ್ನು ತಿರುಗಿಸಿದಂತೆಲ್ಲ ಅದೂ ತಿರುಗುತ್ತಿತ್ತು. ಹೆಸರಿಲ್ಲದ ನೀರಿನ ಮೇಲೆ, ಯಾವ ಕ್ರಾಸಿಗೂ ಸೇರದೆ ಕುಳಿತಿದ್ದ ಆ ಕಾಲು ಗಂಟೆ ನನಗೆ ಬಹಳ ಹಿತವಾಗಿತ್ತು.

ಮೂರನೇ ದಿನ ಕಂಪ್ಲಿ ರಸ್ತೆ. ತೊಂದರೆ ಶುರುವಾದದ್ದು ಅಲ್ಲಿ. ಮೊದಲ ಕ್ರಾಸಿನಲ್ಲಿ ನಿಂತು, ಬೀಡಿ ಸೇದುತ್ತಿದ್ದವರನ್ನು ಇಲ್ಲಿಯ ಗುರುತು ಏನು ಎಂದು ಕೇಳಿದೆ. "ಆಂಜನೇಯ ಗುಡಿ," ಎಂದರು. ಬರೆದುಕೊಂಡೆ. ಎರಡನೇ ಕ್ರಾಸಿನಲ್ಲೂ ಆಂಜನೇಯ ಗುಡಿ. ಮೂರನೆಯದರಲ್ಲಿ ನಾನು ಕೇಳುವ ಮೊದಲೇ ಗುಡಿ ಕಂಡಿತು. ಕಂಪ್ಲಿ ಮುಟ್ಟುವ ಹೊತ್ತಿಗೆ ನನ್ನ ಪುಸ್ತಕದಲ್ಲಿ ಒಂಬತ್ತು ಆಂಜನೇಯರಿದ್ದರು.

"ಬೇರೆ ಯಾವ ಗುರುತೂ ಇಲ್ಲವೇ ಈ ಕಡೆ?" ಎಂದು ಗೊಣಗಿದೆ.

"ಸರ, ಇದು ಕಿಷ್ಕಿಂಧ. ಇಲ್ಲಿ ಆತನ್ನ ಬಿಟ್ಟು ಯಾರ್ನ ಗುರುತು ಅಂತ ಹೇಳೂಣು?" ಎಂದ ಪಂಪಾಪತಿ.

ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ. ಡ್ಯಾಮಿನ ಗೇಟು ಎತ್ತಿದ್ದರಿಂದ ಹೊಳೆ ಸೇತುವೆಯ ಹೊಟ್ಟೆ ಸವರುತ್ತಾ ಹೋಗುತ್ತಿತ್ತು. ಸೇತುವೆ ಪಕ್ಕದ ಬಂಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಇಬ್ಬರಿಗೂ ಸೇರಿ ಹದಿನೆಂಟು ರೂಪಾಯಿ. ಅಲ್ಲಿಂದಲೇ ಕಚೇರಿಗೆ ಫೋನು ಮಾಡಿ ಆ ದಿನದ ಪಾಯಿಂಟುಗಳನ್ನು ಓದಿ ಹೇಳಿದೆ. ಒಂದೇ ರಸ್ತೆಯಲ್ಲಿ ಒಂದೇ ಹೆಸರಿನ ಒಂಬತ್ತು ಪಾಯಿಂಟು ಕಂಪ್ಯೂಟರು ಒಪ್ಪುವುದಿಲ್ಲ, ಏನಾದರೂ ವ್ಯತ್ಯಾಸ ಮಾಡಿಕೊಂಡು ಬನ್ನಿ ಎಂದರು.

ವಾಪಸು ಬರುವಾಗ ಒಬ್ಬೊಬ್ಬ ಆಂಜನೇಯನ ಮುಂದೂ ಇಳಿದು ವ್ಯತ್ಯಾಸ ಹುಡುಕಿದೆವು. ಪಂಪಾಪತಿಗೆ ಇದು ಭಾರಿ ಖುಷಿ ಕೊಟ್ಟಿತು. ಬಾಲ ತಲೆಯ ಮೇಲೆ ಬಂದವನು ಬಾಲದ ಆಂಜನೇಯನಾದ, ಲಾರಿ ಮಾಲೀಕನೊಬ್ಬ ಹೊದಿಸಿದ ತಗಡಿನ ಕೆಳಗಿದ್ದವನು ತಗಡಿನ ಆಂಜನೇಯನಾದ. ದೊಡ್ಡ ಬಂಡೆಗೆ ಒರಗಿದ್ದವನ ಹತ್ತಿರ ಬಂದಾಗ ಮಾತ್ರ ಪಂಪಾಪತಿ ಆಟೋದಿಂದ ಇಳಿಯಲಿಲ್ಲ. ನಾನೇ 'ಬಂಡೆ ಆಂಜನೇಯ' ಎಂದು ಬರೆದುಕೊಂಡು ಬಂದೆ.

"ಇದು ನಮ್ಮೂರ ಕ್ರಾಸು," ಎಂದ. ಅಲ್ಲಿಂದ ಒಳಗೆ ಮೂರು ಮೈಲಿ ಅವನ ಊರು, ತಮ್ಮ ಹೊಲ ಮಾಡಿಕೊಂಡಿದ್ದಾನಂತೆ. ಊರಿನ ಹೆಸರು ಬರೆಯಬೇಡಿ ಎಂದು ಆಮೇಲೆ ಕೇಳಿಕೊಂಡದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

"ಯಾಕೆ ಇಳಿಯಲಿಲ್ಲ?"

ಸ್ವಲ್ಪ ಹೊತ್ತು ಹ್ಯಾಂಡಲ್ ಒರೆಸಿದ. "ನನ್ನ ತಂಗಿ ಹುಲಿಗೆಮ್ಮ. ಸಂಡೂರು ಕಡೆ ಕೊಟ್ಟಿದ್ವಿ. ಇಪ್ಪತ್ತು ವರ್ಷದ ಮಾತು. ಮದುವಿ ಆಗಿ ಮೊದಲ್ನೇ ಪಂಚಮಿ. ಅತ್ತಿ ಬಸ್ಸಿನ್ಯಾಗ ಕರ್ಕೊಂಡು ಬರ್ತಾಳ, ನೀ ಆಂಜನೇಯ ಗುಡಿ ಕ್ರಾಸಿಗೆ ಬಂಡಿ ಹೂಡ್ಕೊಂಡು ಬಾ ಅಂತ ಸುದ್ದಿ ಬಂತು. ಎತ್ತಿಗೆ ಗೆಜ್ಜಿ ಕಟ್ಟಿ ಬಂದು ಇದ ಕಟ್ಟಿ ಮ್ಯಾಲೆ ಕುಂತೆ. ಹತ್ತು ಬಸ್ ಹೋದವು, ಬರ್ಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಹೊಳ್ಳಿ ಹೋದೆ."

"ಯಾಕೆ ಬರಲಿಲ್ಲವಂತೆ?"

"ಅದ ನೋಡ್ರಿ! ನಾವು ಬಂದು ದಿನಾ ಪೂರಾ ಗುಡಿ ಮುಂದ ಕುಂತಿದ್ವಿ, ನಿಮ್ಮವ್ರು ಯಾರೂ ಬರ್ಲಿಲ್ಲ ಅಂತ ಹೇಳಿ ಕಳಿಸಿದ್ರು. ನಾ ಕುಂತ ಜಾಗದಾಗ ನನಗ ಕಾಣದಂಗ ಕುಂತಿದ್ರಂತ! ಸುಳ್ಳು ಸರ. ನಾನು ಸುಳ್ಳು ಅಂದೆ, ಆಕಿ ನೀನ ಸುಳ್ಳ ಅಂದ್ಲು. ಅಪ್ಪ ಸತ್ತಾಗ ಯಾವುದೋ ಜೀಪಿನ್ಯಾಗ ಬಂದು ಮುಖ ನೋಡಿದ್ಲು, ನೀರೂ ಕುಡೀದ ಹೋದ್ಲು."

ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ ಎಂದರೆ ಆ ಕಡೆಯ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚಿತೆಂದೇ ಅರ್ಥ. ಅದೂ ಅತ್ತೆಯ ಕಣ್ಣೆದುರಿಗೆ. ಅವನು ಆಟೋ ಹೊರಡಿಸಿದ. ಬಂಡೆಗುಡ್ಡವನ್ನು ಬಳಸಿ ಸುತ್ತುವ ತಿರುವು ದಾಟಿ ಮೂರೂವರೆ ಕಿಲೋಮೀಟರಿಗೆ ಮುಂದಿನ ಆಂಜನೇಯ ಬಂದ. ಪಕ್ಕದಲ್ಲಿ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬು ಇತ್ತು. ಪಂಪಾಪತಿ ಕೂತಲ್ಲಿಂದಲೇ, "ತೂಬಿನ ಆಂಜನೇಯ ಅಂತ ಬರೀರಿ," ಎಂದ. ಬರೆದೆ.

ಲಾಡ್ಜಿನ ಮುಂದೆ ಇಳಿಯುವಾಗ ನಾಳೆ ಸಂಡೂರಿಗೆ ಹೋಗಬೇಕು ಎಂದೆ. ಅಷ್ಟು ದೂರಕ್ಕೆ ತನ್ನ ಆಟೋಕ್ಕೆ ಪರ್ಮಿಟ್ ಇಲ್ಲ, ಬಸ್ಸಿಗೆ ಹೋಗಿ ಬನ್ನಿ ಎಂದ. ಆಮೇಲೆ ಹಿಂದಿರುಗಿ ನೋಡದೆಯೇ, "ಊಟಕ್ಕ ದೋಣಿಮಲೈ ದಾರಿ ಕ್ರಾಸಿನ್ಯಾಗ ಒಂದು ಖಾನಾವಳಿ ಐತಿ. ರೊಟ್ಟಿ ಜೋಡಿ ಗುರೆಳ್ಳು ಹಿಂಡಿ ಕೇಳ್ರಿ, ಭಾಳ ಚಲೋ ಇರತೈತಿ. ನನ್ನ ಹೆಸರು ಹೇಳಬ್ಯಾಡ್ರಿ," ಎಂದ. ಆ ಖಾನಾವಳಿ ಯಾರದೆಂದು ನಾನು ಕೇಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹದಿನೆಂಟು ರೂಪಾಯಿ ಟಿಕೆಟಿನಲ್ಲಿ ಸಂಡೂರು ಬಸ್ಸು ಹತ್ತಿದೆ. ಎದುರಿಗೆ ಅದಿರು ಲಾರಿಗಳ ಸಾಲು, ಮೇಲೆ ಮೋಡ ಹೊದ್ದ ಬೆಟ್ಟ. ಒಂದು ತಿರುವಿನಲ್ಲಿ ಕಣ್ಣು ತಂಪಾಗುವ ಕಾಡು, ಮುಂದಿನ ತಿರುವಿನಲ್ಲಿ ಬೆಟ್ಟದ ಹೊಟ್ಟೆ ಬಗೆದ ಕೆಂಪು ಮೆಟ್ಟಿಲುಗಳು. ಮಳೆಗೆ ಆ ಮೆಟ್ಟಿಲುಗಳಿಂದ ಕೆಂಪು ನೀರು ಇಳಿಯುತ್ತಿತ್ತು. ನೋಡಿ ಸಂಕಟವಾಯಿತು, ಕಣ್ಣು ತೆಗೆಯಲೂ ಆಗಲಿಲ್ಲ.

ಊರಿನ ಕ್ರಾಸುಗಳನ್ನು ಮುಗಿಸಿ ಒಂದೂವರೆಗೆ ಖಾನಾವಳಿ ತಲುಪಿದೆ. ದೋಣಿಮಲೈ ಗಣಿ ಕಾಲೋನಿಯ ಸ್ಟಾಫ್ ಬಸ್ಸುಗಳು ತಿರುಗುವ ಕ್ರಾಸದು. ತಗಡಿನ ಸೂರು, ಎರಡು ಬೆಂಚು. ದೂಳಿಗೆ ಅಂಜಿ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಒಳಗೆ ನಲವತ್ತರ ಹೆಂಗಸೊಬ್ಬರು ರೊಟ್ಟಿ ಬಡಿಯುತ್ತಿದ್ದರು. ಲಾರಿಯವರು ಎದ್ದು ಹೋಗುವ ತನಕ ಕಾದು, ಹೇಳಿಕೊಟ್ಟಂತೆ ಗುರೆಳ್ಳು ಹಿಂಡಿ, ಅಂದರೆ ನಮ್ಮ ಕಡೆಯ ಹುಚ್ಚೆಳ್ಳಿನ ಚಟ್ನಿಪುಡಿ, ಕೇಳಿದೆ.

ಅವರ ಕೈ ನಿಂತಿತು. "ಹೊಸಪೇಟಿಯಿಂದ ಬಂದೀರೇನಣ್ಣಾ?"

"ಹೌದು. ಹೇಗೆ ಗೊತ್ತಾಯಿತು?"

"ಅಲ್ಲಿಂದ ಬಂದವ್ರೆಲ್ಲಾ ಕುಂತ ಕೂಡ್ಲೆ ಅದನ್ನ ಕೇಳ್ತಾರ. ಬೋರ್ಡಿನ್ಯಾಗ ಬರದಿಲ್ಲ. ನಾನು ಅದನ್ನ ಚಲೋ ಮಾಡ್ತೀನಂತ ಲೋಕದಾಗ ಗೊತ್ತಿರೋದು ಒಬ್ಬಗ." ಡಬ್ಬಿ ತೆಗೆದು ಎರಡು ಚಮಚ ಬಡಿಸಿದರು. "ಆತ ಹೆಂಗದಾನ?"

ಹೆಸರು ಹೇಳಬೇಡ ಎಂದಿದ್ದ, ಹೇಳಲಿಲ್ಲ. "ಚೆನ್ನಾಗಿದ್ದಾರೆ. ಕಿವಿ ಮೇಲೆ ಕೂದಲು ಬೆಳ್ಳಗಾಗಿದೆ," ಎಂದೆ.

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಮಾತು ಮರೆಸಲೋ ಏನೋ, ಪಾಯಿಂಟುಗಳನ್ನೆಲ್ಲ ತುಂಬಿಸಿಕೊಂಡು ಬೆಂಚಿನ ಮೇಲಿಟ್ಟಿದ್ದ ನನ್ನ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿ ಅದೇನು ಎಂದರು. ಹೇಳಿದೆ. "ನಮ್ಮೂರ ಕ್ರಾಸ್ ಐತೇನು ಅದ್ರಾಗ? ಕಂಪ್ಲಿ ರಸ್ತಿ. ಆಂಜನೇಯ ಗುಡಿ."

"ಆಂಜನೇಯ ಗುಡಿ ಒಂಬತ್ತಿವೆ ಅಕ್ಕಾ."

"ನಮ್ಮದು ತೂಬಿನ ಬಾಜೂ ಇರೋದು. ಅವತ್ತು ನಮ್ಮತ್ತಿ ಆ ತೂಬಿನ ನೀರಾಗ ಕಾಲು ಇಳಿಬಿಟ್ಕೊಂಡು, ನಿನ್ನ ತವರಿನವ್ರಿಗೆ ನೀ ಬ್ಯಾಡಾದಿ ನೋಡು ಅಂದ್ಲು. ಆ ನೀರಿನ ಸಪ್ಪಳ ಇನ್ನಾ ಕಿವ್ಯಾಗ ಐತಿ."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಬಂಡೆ ಆಂಜನೇಯನ ಹತ್ತಿರ ತೂಬೂ ಇಲ್ಲ, ನೀರೂ ಇಲ್ಲ. ಕೈ ತೊಳೆದು ಬಂದು ಪರದೆಯ ಮೇಲೆ ಎರಡು ಚುಕ್ಕೆಗಳನ್ನು ತೋರಿಸಿದೆ.

"ನೀವು ಕೂತದ್ದು ಇಲ್ಲಿ. ಅವರು ಬಂಡಿ ಹೂಡಿಕೊಂಡು ಬಂದು ಕೂತದ್ದು ಇಲ್ಲಿ, ದೀಪ ಹಚ್ಚುವ ತನಕ."

"ಅದು ನಮ್ಮೂರ ಕ್ರಾಸಲ್ಲ. ನಾನಿರೋವಾಗ ಅಲ್ಲಿ ಬಂಡಿ ದಾರಿನ ಇದ್ದಿಲ್ಲ."

"ಈಗ ಇದೆ. ಅಲ್ಲೂ ಒಬ್ಬ ಆಂಜನೇಯ ಇದ್ದಾನೆ."

ಅವರು ಪರದೆಯ ಹತ್ತಿರ ಬಗ್ಗಿದರು. ಆಮೇಲೆ ಹಿಟ್ಟು ಮೆತ್ತಿದ ಬೆರಳನ್ನು ಪರದೆಯ ಮೇಲಿಟ್ಟರು. ಎರಡೂ ಚುಕ್ಕೆ ಒಂದೇ ಉಗುರಿನಡಿ ಮುಚ್ಚಿಹೋದವು. "ಇಷ್ಟಾ?" ಎಂದರು. ಒಲೆಯ ಮುಂದೆ ಹೋಗಿ ಕುಳಿತು ಅತ್ತರು. ನಾನು ಗೋಣಿ ಪರದೆಯ ಆಚೆ ಹೋಗಿ ಲಾರಿ ಎಣಿಸುತ್ತಾ ನಿಂತೆ.

ಹೊರಡುವಾಗ ಊಟದ ಹಣ ತೆಗೆದುಕೊಳ್ಳಲಿಲ್ಲ. "ತವರಿನಿಂದ ಬಂದವ್ರ ಹತ್ರ ರೊಕ್ಕ ತಗೋಬಾರ್ದು. ನಾಡಿದ್ದು ಪಂಚಮಿ. ಮಧ್ಯಾಹ್ನದ ಬಸ್ಸಿಗೆ ತಂಗಿ ಕ್ರಾಸಿಗೆ ಬರ್ತಾಳಂತ ಹೇಳ್ರಿ."

"ಖಂಡಿತ ಹೇಳುತ್ತೇನೆ."

"ಇನ್ನೊಂದು ಹೇಳ್ರಿ. ಈ ಸಲಾನೂ ಅಲ್ಲಿ ಯಾರೂ ಇಲ್ಲಂದ್ರ, ಹೊಳ್ಳಿ ಬಂದುಬಿಡ್ತೀನಿ. ಮತ್ತ ಆ ಕಡಿ ತಲಿ ಹಾಕಿ ಮಲಗಂಗಿಲ್ಲ."

ಐದನೇ ದಿನ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಪಂಪಾಪತಿಗೆ ಎಲ್ಲ ಹೇಳಿದೆ. ಪರದೆಯ ಮೇಲಿನ ಎರಡೂ ಚುಕ್ಕೆ ತೋರಿಸಿದೆ. "ಆ ವರ್ಷ ಕಾಲುವಿ ಒಡದಿತ್ತು," ಎಂದ. "ಹಳೇ ದಾರಿ ಪೂರಾ ಕೆಸರು. ಊರಿನವ್ರೆಲ್ಲಾ ಬಂಡಿ ಈ ಬಂಡೆ ಗುಡಿ ಕಡಿ ತಿರುಗಿಸಿದ್ವಿ. ಆಮ್ಯಾಲೆ ಡಾಂಬರೂ ಇಲ್ಲೇ ಬಂತು. ನಮಗೆಲ್ಲಾ ಇದ ಕ್ರಾಸ್ ಆಗೋತು. ಆಕಿಗೆ ಯಾರು ಹೇಳಿದ್ರು? ಯಾರೂ ಹೇಳ್ಲಿಲ್ಲ ಸರ." ಮತ್ತೆ, "ಮೂರೂವರಿ ಕಿಲೋಮೀಟರ್! ಆಟೋಕ್ಕ ಒಂದು ಬಾಡಿಗಿ ಆಗಂಗಿಲ್ಲ," ಎಂದು ನಗಲು ಹೋದ, ಆಗಲಿಲ್ಲ. ಅಂದು ಅವನು ಬಾಡಿಗೆಗೆ ಹೋಗಲಿಲ್ಲ. ನಾನು ಉಳಿದ ಕ್ರಾಸುಗಳನ್ನು ನಡೆದೇ ಮುಗಿಸಿ ಬಂದಾಗ ಆಟೋವನ್ನು ಮೂರನೇ ಸಲ ತೊಳೆಯುತ್ತಿದ್ದ.

ಪಂಚಮಿಯ ದಿನ ಮಳೆ ಬಿಡುವು ಕೊಟ್ಟಿತ್ತು. ಆಟೋದ ಮುಂದೆ ಚೆಂಡುಹೂವಿನ ಹಾರ, ಹ್ಯಾಂಡಲ್ಲಿಗೆ ಎತ್ತಿನ ಹಳೆಯ ಗೆಜ್ಜೆ. ದಾರಿಯುದ್ದಕ್ಕೂ ಬೇವಿನ ಮರಗಳಿಗೆ ಜೋಕಾಲಿ ಕಟ್ಟಿದ್ದರು. ಹೊಸ ಸೀರೆಯ ಹೆಂಗಸರು ಹುತ್ತಕ್ಕೆ ಹಾಲೆರೆದು ಬರುತ್ತಿದ್ದರು. ಕದಲುವುದೆಲ್ಲ ನಿಧಾನವಾಗಿ, ಸಪ್ಪಳವಿಲ್ಲದೆ ಕದಲುತ್ತಿತ್ತು. ಪಂಪಾಪತಿ ನೆಟ್ಟಗೆ ತೂಬಿನ ಆಂಜನೇಯನ ಮುಂದೆ ತಂದು ನಿಲ್ಲಿಸಿದ. ಇಪ್ಪತ್ತು ವರ್ಷದ ಹಿಂದೆ ತಂಗಿ ಕೂತಿರಬಹುದಾದ ತೂಬಿನ ಕಲ್ಲಿನ ಮೇಲೆ ಕುಳಿತ. ನಾನು ಸಂಜೆಯ ರೈಲಿನ ಟಿಕೆಟನ್ನು ಜೇಬಿನಲ್ಲಿಟ್ಟುಕೊಂಡು ತೂಬಿನ ನೀರು ನೋಡುತ್ತಾ ಕುಳಿತೆ.

ಒಂದು ಗಂಟೆಯ ಬಸ್ಸು ನಿಲ್ಲಲಿಲ್ಲ. ಎರಡು ಗಂಟೆಯದು ತವರಿಗೆ ಹೋಗುವ ಹೆಂಗಸರಿಂದ ಕಿಕ್ಕಿರಿದಿತ್ತು, ಅದೂ ಹಾದು ಹೋಯಿತು. ಎರಡೂವರೆ ಆಯಿತು. ಪಂಪಾಪತಿ ಎದ್ದು ನನ್ನ ಹತ್ತಿರ ಬಂದ.

"ಯಾವ ಕ್ರಾಸಂತ ಹೇಳ್ಯಾಳ್ರಿ?"

"ಕ್ರಾಸಿಗೆ ಬರುತ್ತೇನೆ ಅಂದರು."

"ಅದ, ಯಾವ ಕ್ರಾಸ್?"

ಆರು ದಿನದಿಂದ ಕಂಡಕಂಡವರನ್ನೆಲ್ಲ ಕೇಳುತ್ತಾ ಬಂದಿದ್ದ ಒಂದೇ ಪ್ರಶ್ನೆ. ಕೇಳಲೇಬೇಕಾದ ಒಂದು ಕಡೆ ಕೇಳಿರಲಿಲ್ಲ. ತಂಗಿ ಅಂದು ತಾವು ಕೂತಿದ್ದ ಕ್ರಾಸಿಗೇ ಬರುತ್ತಾರೆಂದು ಇವನು ಇಲ್ಲಿಗೆ ಬಂದಿದ್ದ. ಅಣ್ಣ ಅಂದು ಕೂತಿದ್ದ ಕ್ರಾಸಿಗೆ ಅವರು ಹೋಗಿದ್ದರೆ?

"ನಡೀರಿ, ಬಂಡೆ ಆಂಜನೇಯನ ಹತ್ತಿರ ಹೋಗೋಣ," ಎಂದೆ.

"ನಾವು ಹೋದ ಮ್ಯಾಲೆ ಇಲ್ಲಿಗೆ ಬಸ್ ಬಂದ್ರ? ಯಾರೂ ಇಲ್ಲಂತ ಹೊಳ್ಳಿ ಹೋದ್ರ?" ಎಂದ. ಆಮೇಲೆ ನನ್ನ ಎರಡೂ ಭುಜ ಹಿಡಿದು ಗುಡಿಯ ಮುಂದೆ ನಿಲ್ಲಿಸಿದ. "ನೀವು ಇಲ್ಲೇ ನಿಂದ್ರಿ. ರಸ್ತಿಗೆ ಕಾಣಂಗ ನಿಂದ್ರಿ. ಕದಲಬ್ಯಾಡ್ರಿ."

ಗೆಜ್ಜೆಯ ಸಪ್ಪಳ ತಿರುವಿನಲ್ಲಿ ಮರೆಯಾಯಿತು. ನಾನು ಕದಲಲಿಲ್ಲ. ಬಂಡೆಗಳ ಮೇಲೆ ಮೋಡದ ನೆರಳು ಹತ್ತಿ ಇಳಿಯುತ್ತಿತ್ತು. ದೂರದ ಜೋಕಾಲಿಯೊಂದು ಬೇವಿನ ಮರದಿಂದ ಹೊರಗೆ ಬಂದು, ಒಂದು ಹಸಿರು ಸೀರೆ ತೋರಿಸಿ, ಮತ್ತೆ ಒಳಗೆ ಹೋಗುತ್ತಿತ್ತು. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಒಬ್ಬ ಬೈಕಿನವನು ನಿಲ್ಲಿಸಿ ಯಾವುದೋ ಊರಿಗೆ ದಾರಿ ಕೇಳಿದ. "ಮುಂದೆ ಹೋಗಿ, ಆಂಜನೇಯ ಗುಡಿ ಬರುತ್ತೆ," ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದೆ. ಅವನು ತಲೆಯಾಡಿಸಿ ಹೊರಟುಹೋದ.

ಕೊನೆಗೆ ಗೆಜ್ಜೆ ಕೇಳಿಸಿತು. ಆಟೋ ಬಂತು. ಹಿಂದೆ ಹುಲಿಗೆಮ್ಮ ಕುಳಿತಿದ್ದರು, ಮಡಿಲಲ್ಲಿ ಬುತ್ತಿಯ ಗಂಟು. ಕಾಲು ಕೆಸರಾಗಿತ್ತು. ಪಂಪಾಪತಿಯ ಕಣ್ಣು ಕೆಂಪಗಿತ್ತು, ದೂಳಿಗಲ್ಲ.

"ಬಂಡೆ ಗುಡಿ ಹತ್ರ ಇಳದೆ. ಯಾರೂ ಇದ್ದಿಲ್ಲ," ಎಂದರು ಹುಲಿಗೆಮ್ಮ. "ಕಟ್ಟಿ ಮ್ಯಾಲೆ ಕುಂದ್ರಾಕ ಹೋದೆ. ಇಂವ ನನ್ನ ಕ್ರಾಸಿಗೆ ಹೋಗಿರ್ತಾನ ಅಂತ ಹೊಳೀತು. ಅವತ್ತು ಕುಂತು ಕೆಟ್ಟೆ ಅಣ್ಣಾ. ಈ ಸಲ ಕುಂದ್ರಲಿಲ್ಲ, ನಡದೆ."

ಮೂವರೂ ಆಟೋದಲ್ಲಿ ಊರಿನ ಕಡೆ ಹೊರಟೆವು. ತಿರುವು ದಾಟಿ ಸ್ವಲ್ಪ ದೂರಕ್ಕೆ ಪಂಪಾಪತಿ ನಿಲ್ಲಿಸಿದ. ನಡೆದು ಬರುತ್ತಿದ್ದ ತಂಗಿ ಅವನಿಗೆ ಕಂಡದ್ದು ಅಲ್ಲೇ ಅಂತೆ. "ಇಲ್ಲಿ ಒಂದು ಪಾಯಿಂಟ್ ಹೊಡೀರಿ ಸರ."

ಇಳಿದು ನೋಡಿದೆ. ಎರಡೂ ಕಡೆ ಗದ್ದೆ. ಕ್ರಾಸಿಲ್ಲ, ಮರವಿಲ್ಲ, ಒಂದು ಮೈಲಿಗಲ್ಲೂ ಇಲ್ಲ. ಗುಂಡಿ ಒತ್ತಿದೆ. "ಗುರುತು ಏನಂತ ಬರೆಯಲಿ?"

ಅಣ್ಣ ತಂಗಿ ಇಬ್ಬರೂ ಸುತ್ತ ನೋಡಿದರು. ಹುಲಿಗೆಮ್ಮ ಮೊದಲು ನಕ್ಕರು. "ಏನೂ ಇಲ್ಲಂತ ಬರೀರಿ. ಈ ರಸ್ತ್ಯಾಗ ಆಂಜನೇಯ ಇಲ್ಲದ ಜಾಗ ಇದೊಂದ. ಇನ್ನ ನಮ್ಮಣ್ಣಗ ತಪ್ಪಂಗಿಲ್ಲ."

ಅಷ್ಟರಲ್ಲಿ ಕಂಪ್ಲಿ ಕಡೆಯಿಂದ ಹೊಸಪೇಟೆ ಬಸ್ಸು ಬಂತು. ಊರಿಗೆ ಬಂದು ಉಂಡು ಹೋಗಿ ಎಂದು ಇಬ್ಬರೂ ಕೈ ಹಿಡಿದರು, ರೈಲು ತಪ್ಪುತ್ತದೆಂದು ಬಿಡಿಸಿಕೊಂಡೆ. ಬುತ್ತಿಯಿಂದ ನಾಲ್ಕು ಶೇಂಗಾ ಉಂಡಿ ತೆಗೆದು ನನ್ನ ಕೆಂಪು ಅಂಗಿಯ ಜೇಬಿಗೆ ತುಂಬಿದರು. ಪಂಪಾಪತಿ ಕೈಯಡ್ಡ ಹಾಕಿ ಬಸ್ಸು ನಿಲ್ಲಿಸಿದ. ಹಿಂದಿನ ಕಿಟಕಿಯಿಂದ ನೋಡಿದೆ. ಬಯಲು ರಸ್ತೆಯಲ್ಲಿ ಆಟೋ ಇನ್ನೂ ನಿಂತೇ ಇತ್ತು. ತಂಗಿ ಒಳಗೆ ಕುಳಿತಿದ್ದರು, ಅಣ್ಣ ಕಾಲುವೆ ನೀರು ತಂದು ಅವರ ಪಾದದ ಕೆಸರು ತೊಳೆಯುತ್ತಿದ್ದ.

ಕಂಡಕ್ಟರು ಟಿಕೆಟ್ ಪುಸ್ತಕ ಹಿಡಿದು ಬಂದ. "ಎಲ್ಲಿ ಹತ್ತಿದ್ರಿ?"

ಏನು ಹೇಳುವುದೆಂದು ತಿಳಿಯದೆ, "ಆಂಜನೇಯ ಇಲ್ಲದ ಕಡೆ," ಎಂದೆ.

"ಓ, ಅಲ್ಲೇನು?" ಎಂದವನು ಹನ್ನೊಂದು ರೂಪಾಯಿಯ ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.